ಮಾಸ್ತರು ಹೇಳತಿದ್ರು

ರಾಯಚೂರು ಸ್ಟೇಷನ್ನಿನಲ್ಲಿ ಸೂಗಪ್ಪನ ಟಾಂಗಾ ಹತ್ತಿದವರಿಗೆ ವಾದಿರಾಜ ಮಾಸ್ತರರ ಕಾಟ ತಪ್ಪುತ್ತಿರಲಿಲ್ಲ. ದೇವದುರ್ಗದ ಶಾಲೆಯಲ್ಲಿ ತನಗೆ ಕಲಿಸಿ, ಎಂದೋ ತೀರಿಹೋದ ಆ ಗುರುವಿನ ಮಾತು ಬಿಟ್ಟರೆ ಮುದುಕ ಸೂಗಪ್ಪನಲ್ಲಿ ಬೇರೆ ಹುರುಪೇ ಉಳಿದಿರಲಿಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆಂದು ರೈಲು ಹಳಿಗಳ ನಡುವೆ ಸಂದು ಬಿಡುತ್ತಾರೆ. ಮಡಕೆ ಬೆವರುವುದರಿಂದಲೇ ನೀರು ತಣ್ಣಗಿರುತ್ತದೆ. ಎಲ್ಲ ಮಾಸ್ತರರು ಹೇಳಿದ್ದೇ. ಕೇಳಿ ಕೇಳಿ ಕುದುರೆಯೂ ಸೋತಿತ್ತು.

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆಯ ಒಂದು ಮಧ್ಯಾಹ್ನ ಮಡಿಯ ಕೆಂಪು ಸೀರೆ ಉಟ್ಟ ವಿಧವೆ ಅಹಲ್ಯಾಬಾಯಿ, ಮಾನ್ವಿ ಬಸ್ಸು ಹಿಡಿಯಬೇಕೆಂದು ಟಾಂಗಾ ಹತ್ತಿದರು. ಎಲ್ಲ ಕೇಳಿಸಿಕೊಂಡು, "ಆ ಮಾಸ್ತರು ನಮ್ಮ ಯಜಮಾನರಪಾ. ಮನ್ಯಾಗ ಮಾತೇ ಆಡ್ತಿದ್ದಿಲ್ಲ," ಎಂದರು ದಣಿದ ದನಿಯಲ್ಲಿ.

ಸೂಗಪ್ಪ ಲಗಾಮು ಸಡಿಲಿಸಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ಇನ್ನೊಂದು ಹೇಳತಿದ್ರವ್ವಾ. ಕುದುರಿಗೆ ಮಾತು ಬರೂದಿಲ್ಲ, ಆದ್ರ ಮನಿ ಮಂದಿ ಹೆಜ್ಜಿ ಸಪ್ಪಳ ಎಲ್ಲಿದ್ರೂ ಗುರ್ತು ಹಿಡೀತದ ಅಂತ."

"ಅವರಿಗೆ ಕುದುರಿ ಅಂದ್ರ ಅಂಜಿಕಿ. ಹತ್ರಾನೂ ಹೋಗ್ತಿದ್ದಿಲ್ಲ."

ಸೂಗಪ್ಪ ಹಿಂತಿರುಗಿ ನೋಡಲಿಲ್ಲ. ಬಸ್ಸು ಕಂಡಿತು, ಟಾಂಗಾ ನಿಂತಿತು. ಅಹಲ್ಯಾಬಾಯಿ ಮಾತ್ರ ಇಳಿಯಲಿಲ್ಲ.

"ಬಸ್ಸು ಹೋದ್ರ ಹೋಗ್ಲಿ," ಎಂದರು. "ಅಂಥಾದ್ದು ಇನ್ನೊಂದು ಹೇಳು."