ಖಾಜಾನ ಡಬ್ಬಿ, ನನ್ನ ಪೆಟ್ಟಿಗೆ

ಮೊನ್ನೆ ಮಸ್ಕಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಎದುರಿಗೆ ಇಬ್ಬರು ಯುವಕರು ಕುಳಿತಿದ್ದರು. ಆಗಷ್ಟೇ ವೇದಿಕೆಯ ಮೇಲೆ ಗಿಟಾರ್ ಬಾರಿಸಿ ಇಳಿದು ಬಂದವರು. ಎಲೆಗೆ ಹೋಳಿಗೆ ಬಿತ್ತು, ಹೋಳಿಗೆಯ ಮೇಲೆ ತುಪ್ಪ ಬಿತ್ತು, ತುಪ್ಪ ಹೆಪ್ಪುಗಟ್ಟುತ್ತ ಬಂತು. ಆದರೂ ಅವರ ಕೈ ಎಲೆಗೆ ಹೋಗಲಿಲ್ಲ. ವಾದ ನಡೆದಿತ್ತು. ಒಬ್ಬನ ಮಗ್ಗುಲಲ್ಲಿ ಒಂದು ಚಿಕ್ಕ ಕರಿ ಡಬ್ಬಿ.

“ಇದ್ರಾಗ ಬರೋ ಸೌಂಡು ಖರೇ ಆಂಪ್ಲಿಫೈಯರ್ ಸೌಂಡಿನಂಗ ಐತೇನಲೇ?” ಎಂದು ಒಬ್ಬ.

“ಕಣ್ ಮುಚ್ಚಿ ಕೇಳಿದ್ರ ಯಾವ್ದು ಯಾವ್ದು ಅಂತ ನಿನಗ ಗೊತ್ತಾಗ್ತೈತೇನು? ಹೇಳು ನೋಡೂಣು” ಎಂದು ಡಬ್ಬಿಯ ಒಡೆಯ.

ಕಣ್ಣು ಮುಚ್ಚಿ ಕೇಳುವ ಮಾತು ಬಂದದ್ದೇ ತಡ, ನನ್ನ ಬಾಯಲ್ಲಿದ್ದ ಹೋಳಿಗೆ ಸಪ್ಪೆಯಾಯಿತು. ಹೊಟ್ಟೆಕಿಚ್ಚಿಗೂ ಮುಪ್ಪು ಬರುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ನನಗೆ ತಲೆ ಹಣ್ಣಾಗಿದೆ, ಮೊಣಕಾಲು ನೋಯುತ್ತವೆ. ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಕನ್ನಡಕ ಹಾಕಿಕೊಂಡಿಲ್ಲ.

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಎಂಬುದಿಲ್ಲ. ಸುಮ್ಮನೆ ಮೀಟಿದರೆ ನೊಣ ಹಾರಿದಷ್ಟು ಸದ್ದು. ತಂತಿ ಹಚ್ಚಿ ಆಂಪ್ಲಿಫೈಯರಿಗೆ ಕೊಟ್ಟಾಗಲೇ ಅದಕ್ಕೆ ಗಂಟಲು ಬರುವುದು. ಹಾಗಾಗಿ ಗಿಟಾರ್ ಬಾರಿಸುವವರು ಗಿಟಾರಿಗಿಂತ ಹೆಚ್ಚಾಗಿ ಆಂಪ್ಲಿಫೈಯರಿನ ಬಗ್ಗೆ ಜಗಳಾಡುತ್ತಾರೆ. ನನ್ನ ಬಳಿ ಇದ್ದದ್ದು ಹಳೆಯ ವಾಲ್ವಿನ ಪೆಟ್ಟಿಗೆ. ಎಂಬತ್ತರ ದಶಕದ ಕೊನೆಗೆ, ನಾನು ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಆಂಧ್ರದಿಂದ ಬಂದು ನೆಲೆಸಿದ ರೈತರ ಪಕ್ಕದ ತೆಲುಗು ಕ್ಯಾಂಪಿನ ಗೆಳೆಯನೊಬ್ಬ ತನ್ನ ಗಿಟಾರನ್ನೂ ಆ ಪೆಟ್ಟಿಗೆಯನ್ನೂ ನನಗೆ ಕೊಟ್ಟುಬಿಟ್ಟಿದ್ದ. ಹೈದರಾಬಾದಿನಲ್ಲಿ ಓದುವಾಗ ಕೊಂಡಿದ್ದನಂತೆ. ಊರಿಗೆ ಬಂದು ಭತ್ತದ ಗದ್ದೆಗಿಳಿದ ಮೇಲೆ ಅವನಿಗೆ ಅವು ಬೇಡವಾದವು.

ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಬಸ್ಸಿನ ಮೇಲೆ ಹಾಕಿದರೆ ಕಂಡಕ್ಟರು ಕೆಳಗಿನಿಂದಲೇ, “ಇದೇನ್ ತಿಜೋರಿ ಏನ್ರೀ?” ಎನ್ನುತ್ತಿದ್ದ. ಸ್ವಿಚ್ಚು ಹಾಕಿದರೆ ಕೂಡಲೇ ಮಾತಾಡುವ ಜಾಯಮಾನ ಅದರದಲ್ಲ. ಒಳಗಿನ ಗಾಜಿನ ವಾಲ್ವುಗಳು ನಿಧಾನಕ್ಕೆ ಕೆಂಪಗಾಗಬೇಕು, ಕಾದ ಧೂಳಿನ ವಾಸನೆ ಏಳಬೇಕು, ನಾನು ಅದನ್ನು ಗೋದಾಮಿನಲ್ಲಿಡುತ್ತಿದ್ದುದರಿಂದ ಹಿಂದೆಯೇ ಯೂರಿಯಾದ ವಾಸನೆಯೂ ಏಳಬೇಕು. ಆಮೇಲೆ ದನಿ. ಆ ದನಿಗಾಗಿ ನನ್ನನ್ನು ಜನ ಗುರುತಿಸುತ್ತಿದ್ದರು. “ಇವನ ಗಿಟಾರು ಅಳ್ತೈತ್ ನೋಡು” ಎನ್ನುತ್ತಿದ್ದರು. ಹೊಗಳಿಕೆಯನ್ನು ನಾನು ಬೆರಳುಗಳ ಲೆಕ್ಕಕ್ಕೆ ಹಾಕಿಕೊಂಡಿದ್ದೆ. ಬಹಳ ಕಾಲದ ಮೇಲೆ ಗೊತ್ತಾಯಿತು, ಅದು ವೋಲ್ಟೇಜಿನ ಮಹಿಮೆ. ಕಾಲುವೆಯ ಕೆಳಗಿನ ಹಳ್ಳಿಗಳಲ್ಲಿ ರೈತರು ಪಂಪಸೆಟ್ಟು ಹಚ್ಚಿದರೆಂದರೆ ಮನೆಯ ಬಲ್ಬು ಹುಣಸೆಹಣ್ಣಿನ ಬಣ್ಣಕ್ಕೆ ಇಳಿಯುತ್ತಿತ್ತು. ಅದರ ಜೊತೆಗೆ ನನ್ನ ಪೆಟ್ಟಿಗೆಯ ದನಿಯೂ ಮೆತ್ತಗಾಗಿ, ತೊದಲಿ, ಕಣ್ಣೀರು ನುಂಗಿದವರಂತೆ ಆಗುತ್ತಿತ್ತು. ತುರ್ವಿಹಾಳದಂಥ ಹಳ್ಳಿಗಳ ರೈತರು ನನ್ನ ಕಲೆಯಲ್ಲಿ ಅರ್ಧ ಪಾಲುದಾರರು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಸ್ಕಿಯಲ್ಲಿ ದೇವಪುತ್ರ ಮಾಸ್ತರರು ಇದ್ದರು. ಶಾಲೆಯಲ್ಲಿ ಗಣಿತ, ಚರ್ಚಿನಲ್ಲಿ ಹಾರ್ಮೋನಿಯಂ, ಮದುವೆಗಳಲ್ಲಿ ಕೀಬೋರ್ಡು. ಅವರದೊಂದು ಆರ್ಕೆಸ್ಟ್ರಾ. ಮಸ್ಕಿ ಎಂದರೆ ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ. ನಾನು ಈ ಕಡೆಯಿಂದ, ಖಾಜಾ ಆ ಕಡೆಯಿಂದ, ಭಾನುವಾರ ಮಾಸ್ತರರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಪೆಟ್ಟಿಗೆಯನ್ನು ಕೊನೆಗೆ ಅಲ್ಲೇ ಇಟ್ಟಿದ್ದೆ, ಹೊತ್ತು ಸಾಕಾಗಿ.

ಖಾಜಾ ಲಿಂಗಸುಗೂರಿನವನು. ತಂದೆಯದು ಚಪ್ಪಲಿ ಅಂಗಡಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ತೆಳ್ಳಗೆ, ಯಾವಾಗಲೂ ನಗುಮುಖ. ಅವನ ಬಳಿ ಆಂಪ್ಲಿಫೈಯರೇ ಇರಲಿಲ್ಲ. ಗಿಟಾರಿನ ತಂತಿಯನ್ನು ಟೇಪ್ ರೆಕಾರ್ಡರಿಗೆ ಚುಚ್ಚಿ ಬಾರಿಸುತ್ತಿದ್ದ. ಬೆಕ್ಕುಗಳು ಜಗಳಾಡಿದಂತೆ ಕೇಳುತ್ತಿತ್ತು. ನನಗೆ ಅವನೆಂದರೆ ಬಹಳ ಪ್ರೀತಿ. ಕೈಯಲ್ಲಿ ಏನೂ ಇಲ್ಲದವನನ್ನು ಪ್ರೀತಿಸುವುದು ಅಷ್ಟೇನೂ ಕಷ್ಟವಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದುಬೈನಲ್ಲಿದ್ದ ಖಾಜಾನ ಅಣ್ಣ ರಂಜಾನಿಗೆ ಊರಿಗೆ ಬಂದವನು ತಮ್ಮನಿಗೊಂದು ಕಾಣಿಕೆ ತಂದ. ಮುಂದಿನ ಭಾನುವಾರ ಖಾಜಾ ಟವೆಲ್ಲಿನಲ್ಲಿ ಸುತ್ತಿದ್ದ ಅದನ್ನು ಕೂಸನ್ನು ಬಿಚ್ಚಿದಂತೆ ಬಿಚ್ಚಿದ. ಕೆಂಪು ಬಣ್ಣದ ಡಬ್ಬಿ, ಮೇಲೆ ಸಾಲಾಗಿ ಗುಂಡಿಗಳು. ತಂತಿಯನ್ನು ಮಾಸ್ತರರ ಕೀಬೋರ್ಡಿನ ಸ್ಪೀಕರಿಗೆ ಹಚ್ಚಿ ಒಂದು ಗುಂಡಿ ತಿರುಗಿಸಿದ. ಯಾವುದೋ ದೊಡ್ಡ ಹೋಟೆಲಿನ ಆಂಪ್ಲಿಫೈಯರ್ ಮಾತಾಡಿತು. ಇನ್ನಷ್ಟು ತಿರುಗಿಸಿದ. ಬೇರೆ ಆಂಪ್ಲಿಫೈಯರ್. ಮತ್ತೆ ತಿರುಗಿಸಿದ. ನನ್ನ ಪೆಟ್ಟಿಗೆಯ ಅಣ್ಣನೋ ತಮ್ಮನೋ ಇರಬಹುದಾದ ಒಂದು ವಾಲ್ವಿನ ದನಿ ಪಡಸಾಲೆಯಲ್ಲಿ ತುಂಬಿತು.

“ಎಲ್ಲಾ ಇದ್ರಾಗ ಐತಿ ದೋಸ್ತ. ಕಂಪ್ಯೂಟರ್ ಇದ್ದಂಗ. ಯಾವ್ ಆಂಪ್ಲಿಫೈಯರ್ ಬೇಕೋ ಅದ್ರಂಗ ನಕಲ್ ಮಾಡ್ತೈತಿ” ಎಂದ ಖಾಜಾ.

ಹೊಟ್ಟೆಯಲ್ಲಿ ಏನೋ ಕಾಯಿತು. ವಾಲ್ವು ಕಾಯುವುದಕ್ಕಿಂತ ಬೇಗ ಕಾಯಿತು.

“ನಕಲ್ ಅಂತ ನೀನೇ ಅಂದಿ ನೋಡು” ಎಂದೆ. “ಹಾಲಿನ ಪುಡಿ ಇದ್ದಂಗ ಇದು. ಹಾಲಿನಂಗ ಕಾಣ್ತೈತಿ, ಹಾಲಲ್ಲ.”

“ಏನ್ರಿ ಮಾಸ್ತರ, ಅಕ್ಕಾರು ಇವತ್ತ ಚಾ ಯಾವ್ದರಾಗ ಮಾಡ್ಯಾರ?” ಎಂದು ಖಾಜಾ ನಕ್ಕ.

ಒಳಗಿನಿಂದ ಮಾಸ್ತರರ ಹೆಂಡತಿ, “ಹಾಲ್ನಾಕಿ ಬಂದಿಲ್ಲಪ್ಪ, ಪುಡೀದ” ಎಂದರು. ಆ ಚಹಾವನ್ನು ನಾನು ಎರಡು ಸಲ ಕೇಳಿ ಹಾಕಿಸಿಕೊಂಡು ಕುಡಿದಿದ್ದೆ.

ಆಮೇಲೆ ಎಷ್ಟೋ ಭಾನುವಾರ ಹಾಡು ಹಿಂದೆ ಬಿತ್ತು, ವಾದ ಮುಂದೆ ಬಂತು. ಡಬ್ಬಿಯನ್ನು ಚೀಲದಲ್ಲಿ ಒಯ್ಯಬಹುದು ಎಂದು ಅವನು. ಚೀಲದಲ್ಲಿ ಬದನೆಕಾಯಿಯನ್ನೂ ಒಯ್ಯಬಹುದು ಎಂದು ನಾನು. ಡಬ್ಬಿಯ ದನಿ ಎಲ್ಲ ಊರಲ್ಲೂ ಒಂದೇ ಎಂದು ಅವನು. ದಿನವೂ ಒಂದೇ ರೀತಿ ಮಾತಾಡುವವರು ಸತ್ತವರು ಮಾತ್ರ ಎಂದು ನಾನು. ಸತ್ತವರು ಮಾತಾಡುವುದಿಲ್ಲ ಎಂದು ಮಾಸ್ತರರು ತಿದ್ದಿದರು. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮುಂದಿನ ವಾರದ ಮಾತುಗಳನ್ನು ಹೊಸೆಯುತ್ತಿದ್ದೆ. ಆ ಡಬ್ಬಿ ಕೆಡಲಿ, ಅದರ ಅಡಾಪ್ಟರು ಸುಟ್ಟುಹೋಗಲಿ ಎಂದು ಬೇಡಿಕೊಂಡದ್ದೂ ಉಂಟು. ಬೇಡಿಕೊಂಡು, ಕೂಡಲೇ ಖಾಜಾನ ನಗುಮುಖ ಕಣ್ಮುಂದೆ ಬಂದು, ಡಬ್ಬಿಯಷ್ಟೇ ಕೆಡಲಿ, ಅವನು ಚೆನ್ನಾಗಿರಲಿ ಎಂದು ಅರ್ಜಿಯನ್ನು ತಿದ್ದಿಕೊಳ್ಳುತ್ತಿದ್ದೆ.

ಒಂದು ದಿನ ಮಾಸ್ತರರಿಗೆ ರೋಸಿತು. “ಬಾಯಿಲೆ ಸಾಕು. ಗ್ವಾಡಿಗೆ ಮುಖಾ ಮಾಡಿ ಕೂಡು. ನಾ ತಂತಿ ಬದ್ಲಿ ಮಾಡ್ತೀನಿ, ಖಾಜಾ ಬಾರಸ್ತಾನ. ಯಾವ್ದು ನಿನ್ನ ಪೆಟಿಗಿ, ಯಾವ್ದು ಅವನ ಡಬ್ಬಿ, ನೀನ ಹೇಳು” ಎಂದರು.

ಗೋಡೆಗೆ ಮುಖ ಮಾಡಿ ಕುಳಿತೆ. ಮೊದಲ ದನಿ ಬಂತು. ಚೊಕ್ಕ, ಒಪ್ಪ, ಎಲ್ಲ ಸರಿ. ಆದರೆ ಇಸ್ತ್ರಿ ಮಾಡಿದ ಅಂಗಿಯಂತೆ ಎಲ್ಲೂ ಒಂದು ಸುಕ್ಕಿಲ್ಲ. “ಡಬ್ಬಿ” ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು ಬಂತು. ಅದೇ ಹಾಡು, ಅದೇ ಸಾಲು. ಮೊದಲ ಸ್ವರ ಹುಟ್ಟಿ, ಕಾದು, ಬಾಗಿ, ಮುಂದಿನ ಸ್ವರದ ಹೆಗಲ ಮೇಲೆ ಕೈಯಿಟ್ಟಂತೆ ಇಳಿಯಿತು. ಅಷ್ಟು ಚೆಂದದ ದನಿಯನ್ನು ನಾನು ಕೇಳಿರಲಿಲ್ಲ.

“ಇದು! ಇದು ನನ್ನ ಪೆಟಿಗಿ!” ಎಂದು ಕೂಗಿ ತಿರುಗಿದೆ.

“ಗೆದ್ದಿ ಬಿಡು” ಎಂದರು ಮಾಸ್ತರರು.

ತಂತಿ ನನ್ನ ಪೆಟ್ಟಿಗೆಯಲ್ಲೇ ಇತ್ತು. ಗೆದ್ದಿದ್ದೆ. ಪೆಟ್ಟಿಗೆಯ ಮೇಲೆ ಕುಳಿತ ಖಾಜಾ ಕೊನೆಯ ಸ್ವರವನ್ನು ಇನ್ನೂ ಬೆರಳ ತುದಿಯಲ್ಲಿ ಅಲುಗಿಸುತ್ತಿದ್ದ. ಆ ದನಿ ಇಷ್ಟು ವರ್ಷ ನನ್ನ ಪೆಟ್ಟಿಗೆಯೊಳಗೇ ಇತ್ತು, ನಾನು ಬಾರಿಸಿದಾಗ ಒಂದು ದಿನವೂ ಹೊರಗೆ ಬಂದಿರಲಿಲ್ಲ. ಇದು ಮಾಸ್ತರರಿಗೂ ತಿಳಿಯಿತು. ಅವರು ನನ್ನ ಮುಖ ನೋಡಿ, ಚಹಾ ಆಯಿತೇನು ನೋಡಿ ಬರುತ್ತೇನೆಂದು ಒಳಗೆ ಹೋದರು. ತಿಳಿಯದವನು ಖಾಜಾ ಒಬ್ಬನೇ.

“ಖರೇ ಅದ ದೋಸ್ತ, ನಿನ್ನ ಪೆಟಿಗಿ ಮುಂದ ನನ್ನ ಡಬ್ಬಿ ಏನೂ ಅಲ್ಲ. ಎಂಥಾ ಚೀಜ್ ಇಟ್ಟೀದಿ!” ಎಂದು ಪೆಟ್ಟಿಗೆಯ ಬೆನ್ನು ತಟ್ಟಿದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿಯವರೆಗೆ ನನಗೆ ಡಬ್ಬಿಯ ಮೇಲೆ ಹೊಟ್ಟೆಕಿಚ್ಚಿತ್ತು. ಡಬ್ಬಿಯಾದರೆ ಇವತ್ತಲ್ಲ ನಾಳೆ ನನಗೂ ಸಿಗಬಹುದು. ಈಗ ಆ ಉರಿ ಅವನ ಎಡಗೈಯ ಬೆರಳುಗಳಿಗೆ ಹೋಗಿ ಹತ್ತಿತು. ಅವು ಯಾವ ದುಬೈನಲ್ಲೂ ಸಿಗುವಂಥವಲ್ಲ.

ಅದಾದ ಕೆಲವೇ ದಿನಕ್ಕೆ ತುರ್ವಿಹಾಳದಲ್ಲಿ ಮದುವೆ. ಹಾಡಿನ ನಡುವೆ ಒಂಟಿಯಾಗಿ ಗಿಟಾರು ಮೆರೆಯುವ ಜಾಗಗಳನ್ನು ಯಾರು ಬಾರಿಸಬೇಕು ಎಂದು ಮಾಸ್ತರರು ಕೇಳಲಿಲ್ಲ, ಖಾಜಾನಿಗೆ ಕೊಟ್ಟರು. ನನ್ನದು ಹಿಂದೆ ನಿಂತು ತಾಳಕ್ಕೆ ಸರಿಯಾಗಿ ಕೊಚ್ಚುವ ಕೆಲಸ. ಮಧ್ಯಾಹ್ನ ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಕೂತಿದ್ದರು. ಮೈಕ್‌ಸೆಟ್ಟಿನವನದು ಬ್ಯಾಟರಿ, ಹಾಡುವವರಿಗೆ ತೊಂದರೆಯಿರಲಿಲ್ಲ. ಖಾಜಾನ ಡಬ್ಬಿಗೂ ನನ್ನ ಪೆಟ್ಟಿಗೆಗೂ ಗೋಡೆಯ ಕರೆಂಟು.

ಮೂರನೆಯ ಹಾಡಿಗೆ ಗದ್ದೆಗಳಲ್ಲಿ ಪಂಪುಗಳು ಎದ್ದವು. ಚಪ್ಪರದ ಬಲ್ಬು ಮಂಕಾಯಿತು. ಖಾಜಾನ ಡಬ್ಬಿಯ ದೀಪ ಆರಿತು, ಹತ್ತಿತು, ಮತ್ತೆ ಆರಿತು. ನನ್ನ ಪೆಟ್ಟಿಗೆ ಮಾತ್ರ ತೊದಲುತ್ತ, ಕಣ್ಣೀರು ನುಂಗುತ್ತ ನಡೆದೇ ಇತ್ತು. ಎಷ್ಟು ಭಾನುವಾರ ನಾನು ಬೇಡಿಕೊಂಡ ಗಳಿಗೆ ಅದು! ಮುಂದೆ ಬರುವುದು ಗಿಟಾರಿನ ಸಾಲು, ಅವತ್ತು ಪಡಸಾಲೆಯಲ್ಲಿ ಖಾಜಾ ಬಾರಿಸಿದ ಅದೇ ಸಾಲು. ಖಾಜಾ ಹಿಂದೆ ತಿರುಗಿ ನನ್ನನ್ನು ನೋಡಿದ. ಮೊದಲ ಸಲ ಆ ಮುಖದಲ್ಲಿ ನಗು ಇರಲಿಲ್ಲ.

“ನೀ ಬಾರ್ಸು, ನೀ ಬಾರ್ಸು” ಎಂದ.

ಬಾರಿಸಬಹುದಿತ್ತು. ಆ ಸಾಲು ನನಗೂ ಬರುತ್ತಿತ್ತು. ಆದರೆ ಗೋಡೆಗೆ ಮುಖ ಮಾಡಿ ಅದನ್ನು ಕೇಳಿದವನು ನಾನು. ಕೇಳಿದ ಮೇಲೆ ನನ್ನ ಕೈಯಿಂದ ಅದನ್ನು ಕೇಳುವ ಧೈರ್ಯ ನನಗೇ ಇರಲಿಲ್ಲ. ಪೆಟ್ಟಿಗೆಯಿಂದ ನನ್ನ ತಂತಿ ಕಿತ್ತೆ, ಅವನ ಗಿಟಾರಿನ ತಂತಿ ಎಳೆದು ಚುಚ್ಚಿದೆ. “ಬಾರ್ಸಲೇ!” ಎಂದೆ. ಸಿಟ್ಟಿನಲ್ಲೇ ಅಂದೆ.

ಬಾರಿಸಿದ. ಪಂಕ್ತಿಯಲ್ಲಿ ಕುಳಿತವರು ತುತ್ತನ್ನು ಕೈಯಲ್ಲೇ ಹಿಡಿದು ತಲೆ ಎತ್ತಿದರು. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ನಿಂತುಬಿಟ್ಟ. ನಾನೋ, ಗಿಟಾರು ಕೊರಳಲ್ಲಿ, ತಂತಿ ನೆಲದ ಮೇಲೆ. ವೇದಿಕೆಯ ಮೇಲೆ ಸುಮ್ಮನೆ ನಿಲ್ಲಲಾಗದೆ ಹಾಡು ಮುಗಿಯುವವರೆಗೆ ದನಿಯಿಲ್ಲದ ಗಿಟಾರನ್ನು ಶ್ರದ್ಧೆಯಿಂದ ಕೊಚ್ಚುತ್ತ, ತಲೆಯನ್ನೂ ಆಡಿಸುತ್ತ ನಿಂತೆ. ಇಳಿದು ಬಂದಾಗ ಮದುಮಗಳ ಅಜ್ಜಿ ನನ್ನ ಗಲ್ಲ ಸವರಿ, ಬೆರಳು ಮುಟ್ಟಿ, “ಏನ್ ಚಂದ ಬಾರ್ಸಿದೆಪ್ಪ! ನಿನ್ನ ಬಳ್ಳು ಭಾಳ ಚಂದ ಆಡ್ತಾವ” ಎಂದಳು. ಹಿಂದೆ ನಿಂತಿದ್ದ ಖಾಜಾ, “ಹೌದ್ರಿ ಅಮ್ಮಾ, ಇವ್ನ ನಮ್ ಉಸ್ತಾದ್” ಎಂದ. ಹಾಸ್ಯಕ್ಕೆ ಅಂದದ್ದಲ್ಲ. ಅವನ ಕಣ್ಣಲ್ಲಿ ನೀರಿತ್ತು.

ನನಗೆ ಆ ದಿನ ಹೊಟ್ಟೆಕಿಚ್ಚು ಕರಗಿತು ಎಂದು ಬರೆದರೆ ನಿಮಗೆ ಹಿತವೆನಿಸೀತು. ಕರಗಲಿಲ್ಲ. ಆರ್ಕೆಸ್ಟ್ರಾ ಇರುವವರೆಗೂ ಅವನ ಹಿಂದೆ ನಿಂತು ಕೊಚ್ಚಿದೆ, ಪ್ರತಿ ಹಾಡಿನಲ್ಲೂ ಅವನ ಬೆರಳು ಒಮ್ಮೆ ತಪ್ಪಲಿ ಎಂದು ಕಾದೆ. ತಪ್ಪಲಿಲ್ಲ. ಮುಂದೆ ಮದುವೆಗಳಿಗೆ ಡಿಜೆ ಬಂದವು, ಮಾಸ್ತರರು ತೀರಿಕೊಂಡರು, ನನ್ನ ಪೆಟ್ಟಿಗೆಯ ವಾಲ್ವು ಸುಟ್ಟವು, ಬದಲಿಗೆ ಬೇರೆ ಸಿಗಲಿಲ್ಲ. ನಾನು ಗಿಟಾರು ಬಿಟ್ಟೆ. ಅವನು ಬಿಡಲಿಲ್ಲ ಎಂದು ಮಾತ್ರ ಅವರಿವರಿಂದ ಕೇಳಿದ್ದೆ. ಹೋಗಿ ನೋಡಲಿಲ್ಲ.

ಮೊನ್ನೆ ಕೈ ತೊಳೆಯುವಲ್ಲಿ ಆ ಇಬ್ಬರು ಯುವಕರು ಮತ್ತೆ ಸಿಕ್ಕರು. ತಡೆಯಲಾಗದೆ ಅಂದೆ, “ಲಿಂಗಸುಗೂರಿನ್ಯಾಗ ಖಾಜಾ ಅಂತ ಒಬ್ಬ ಅದಾನ. ಅವನ್ನ ಕೇಳ್ರಿ, ಆಮ್ಯಾಗ ಡಬ್ಬಿ ಬಗ್ಗೆ ಜಗಳಾಡೀರಂತ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. “ಖಾಜಾ ಸರ್ ಕೈಯಾಗ ಕಲ್ತವರ ಅದೀವ್ರಿ ನಾವು” ಎಂದ ಡಬ್ಬಿಯವನು. ಉರಿ ಎದ್ದಿತು ನೋಡಿ. ಅವನಿಗೆ ಶಿಷ್ಯರು ಬೇರೆ! ಅಷ್ಟರಲ್ಲಿ ಇನ್ನೊಬ್ಬ, “ಈಗ ಸರ್ ಭಾಳ ಬಾರ್ಸಂಗಿಲ್ರಿ. ಎಡಗೈ ಬಳ್ಳು ಸೆಟದಾವ. ಮಡಚಾಕ ಬರವಲ್ದು” ಎಂದ.

ಒಂದು ಗಳಿಗೆ ನನ್ನೊಳಗೆ ಏನೋ ಹಗುರಾದದ್ದು ನಿಜ. ಮರುಗಳಿಗೆಗೆ ನಲ್ಲಿಯ ಕಟ್ಟೆಯ ಮೇಲೆ ಕುಳಿತೆ. ಅವನು ಬಾರಿಸುವುದಿಲ್ಲವೆಂದರೆ ಇನ್ನು ನಾನು ಯಾರನ್ನು ಕಂಡು ಉರಿಯಲಿ? ಅಂಥ ಇನ್ನೊಬ್ಬ ಈ ಮೂರೂರಲ್ಲಿ ಎಲ್ಲಿದ್ದಾನೆ?

ಬಸ್‌ಸ್ಟ್ಯಾಂಡಿಗೆ ಬಂದೆ. ಸಿಂಧನೂರಿನ ಬಸ್ಸು ನಿಂತಿತ್ತು, ಖಾಲಿಯಿತ್ತು, ಕಂಡಕ್ಟರು ಕೂಗಿ ಕರೆಯುತ್ತಲೂ ಇದ್ದ. ಅದನ್ನು ಬಿಟ್ಟು ಲಿಂಗಸುಗೂರಿನ ಬಸ್ಸು ಹತ್ತಿದೆ. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತುಕೊಂಡೆ. ಎಷ್ಟು ವರ್ಷ ಅವನ ಬೆರಳು ತಪ್ಪಲಿ, ತಪ್ಪಲಿ ಎಂದು ಕಾದವನು, ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ: ಆ ಹುಡುಗ ಹೇಳಿದ್ದು ಸುಳ್ಳಾಗಿರಲಿ, ಹೋದ ಕೂಡಲೇ ಅವನು ಒಂದು ಸಾಲು ಬಾರಿಸಿ ನನ್ನ ಹೊಟ್ಟೆ ಉರಿಸಲಿ.