ಹೊಗೆ ಬಿಟ್ಟವನ ಕವಳ

ಚಳಿಗಾಲದ ಬಚ್ಚಲುಮನೆಯಲ್ಲಿ ಮಾವಿನ ಹಣ್ಣಿನ ಪರಿಮಳ ಬಂದರೆ ಅದಕ್ಕೆ ಕಾರಣ ವಸಂತಾಗಮನವಲ್ಲ, ಗೃಹಸ್ಥನ ಕಳ್ಳತನ ಎಂಬ ಸತ್ಯ ನಮ್ಮ ಇಸಳೂರಿನ ಹೊಸ ಮನೆಯಲ್ಲಿ ಬಹುಕಾಲ ಗುಟ್ಟಾಗಿ ಉಳಿಯಲಿಲ್ಲ. "ಈ ಚಳೀಲಿ ಮಾವಿನ ಹಣ್ಣು ಎಲ್ಲಿಂದ ಬಂತು?" ಎಂದು ಹೆಂಡತಿ ಬಾಗಿಲಾಚೆಯಿಂದ ಕೇಳಿದಾಗ, ಸಿಗರೇಟು ಬಿಡಲೆಂದು ಕದ್ದು ತರಿಸಿದ, ಮಾವಿನ ಪರಿಮಳದ ಹಬೆಯುಗುಳುವ ವೇಪ್ ಎಂಬ ಬ್ಯಾಟರಿಯ ಕೊಳವೆ ನನ್ನ ಬನಿಯನ್ನಿನೊಳಗೆ ಬೆಚ್ಚಗೆ ಕುಳಿತಿತ್ತು.

ನಗಬೇಡಿ, ನನಗೂ ನಗು ಬರುತ್ತಿತ್ತು, ಶಿರಸಿ ಬಸ್ಸಿನ ಹಿಂದೆ ಓಡುವವರೆಗೆ. ಬಸ್ಸೇನೋ ಸಿಕ್ಕಿತು, ಉಸಿರು ಸಿಗಲಿಲ್ಲ. ಕಂಬಿ ಹಿಡಿದು ನಿಂತವನ ಎದೆಗೆ ಯಾರೋ ಒಳಗಿನಿಂದ ಚಿಲಕ ಹಾಕಿದಂತಾಯಿತು. ಸಾವಿನ ಕುರಿತು ಅಲ್ಲಿಯವರೆಗೆ ನಾನು ಆಡಿದ್ದ ವೇದಾಂತವೆಲ್ಲ ಮುಂದಿನ ನಿಲ್ದಾಣದಲ್ಲೇ ಇಳಿದುಹೋಯಿತು. ಹೆದರಿಕೆಯೊಂದೇ ಪೇಟೆಯವರೆಗೂ ಜೊತೆಗೆ ಬಂತು.

ಡಾಕ್ಟರಲ್ಲಿಗೆ ಹೋಗಬಹುದಿತ್ತು. ಆದರೆ ನಮ್ಮ ಕಡೆ ದವಾಖಾನೆಯ ಬೆಂಚಿನ ಮೇಲೆ ಕುಳಿತವರಲ್ಲಿ ಅರ್ಧ ಜನ ನೆಂಟರು, ಉಳಿದರ್ಧ ನೆಂಟರ ನೆಂಟರು. ಹಾಗಾಗಿ ಸ್ವಯಂಚಿಕಿತ್ಸೆ. ಕೊಳವೆಯನ್ನು ಬೆಳಿಗ್ಗೆ ದಾಸವಾಳದ ಬುಡದಲ್ಲಿ ಹೂತೆ, ಸಂಜೆ ಗೊಬ್ಬರ ಹಾಕುವ ನೆಪದಲ್ಲಿ ಅಗೆದೆ. ಏಲಕ್ಕಿ ಅಗಿದೆ, ಒಣಗಿದ ನೆಲ್ಲಿ ಚೀಪಿದೆ, ಪ್ರಾಣಾಯಾಮಕ್ಕೆ ಕುಳಿತು ಇನ್ನೆಷ್ಟು ಪ್ರಾಣ ಉಳಿದಿದೆಯೋ ಎಂದು ಮತ್ತಷ್ಟು ಬೆದರಿದೆ. ಕೊನೆಗೆ ಈ ಸೀಮೆಯವನಿಗಷ್ಟೇ ಹೊಳೆಯಬಹುದಾದ ಉಪಾಯ ಹೊಳೆಯಿತು: ಕವಳ. ಎಲೆ ನಮ್ಮದು, ಅಡಿಕೆ ನಮ್ಮದು; ಜೊತೆಗೊಂದು ಎಸಳು ತಂಬಾಕು, ಹೊಗೆಯಂತೂ ಅಲ್ಲವಲ್ಲ! ಊಟವಾದ ಮೇಲೆ ಯಾವ ಮನೆಯಲ್ಲಾದರೂ ಕವಳದ ತಟ್ಟೆ ಮುಂದಿಡುತ್ತಾರೆ, ಬೇಡವೆಂದವನನ್ನೇ ಸಂಶಯದಿಂದ ನೋಡುತ್ತಾರೆ. ಕೊಳವೆಯ ಚಟ ನಿಜಕ್ಕೂ ಬಿಟ್ಟಿತು. ಗೆದ್ದೆನೆಂದೇ ತಿಳಿದು ಊರೆಲ್ಲ ಕೆಂಪಗೆ ಉಗುಳುತ್ತ ತಿರುಗಿದೆ.

ಮೊನ್ನೆ ಎಕ್ಕಂಬಿಗೆ, ಹೆಂಡತಿಯ ಅಣ್ಣನ ಮನೆಗೆ ಹೋಗಿದ್ದೆ. ಭಾವನ ಬಾಯಿ ಈಗ ಒಂದು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಹೋಳಿಗೆಗೆ ಹೆಸರಾಗಿದ್ದವನು ಗಂಜಿಯನ್ನು ಚಮಚದಲ್ಲಿ ಕುಡಿಯುತ್ತಾನೆ. ನನ್ನ ಗೆಲುವಿನ ಕಥೆಯನ್ನೆಲ್ಲ ಕೇಳಿ, ಹಲ್ಲಿನ ಸಂದಿಯಿಂದಲೇ ಅಂದ: "ಆನೂ ಸಿಗರೇಟು ಬಿಡವು ಹೇಳೇ ಕವಳ ಶುರು ಮಾಡಿದ್ದು ಮಾರಾಯಾ."

ಸಿಗರೇಟು ಬಿಡಬೇಕೆಂದೇ ತಾನೂ ಹಿಡಿದ ಕವಳ ಬಾಯಿಯನ್ನೇ ಬಿಗಿದಿದ್ದರೂ, ಬಂದ ನೆಂಟನಿಗೆ ಮರ್ಯಾದೆ ತಪ್ಪಬಾರದೆಂದು, ಕವಳದ ತಟ್ಟೆಯನ್ನು ನನ್ನ ಮುಂದೆ ಸರಿಸಿದ. ನನ್ನ ಕೈ ನನ್ನನ್ನು ಕೇಳದೆಯೇ ಅತ್ತ ಹೋಗಿತ್ತು. ಅದನ್ನು ಕಂಡು ಆದ ಭಯ ನನಗೆ ಬಸ್ಸಿನಲ್ಲೂ ಆಗಿರಲಿಲ್ಲ.

"ಭಾವಾ, ನಂಗೆ ಹೆದ್ರಿಕೆ ಆಗ್ತು," ಎಂದೆ.

ಅವನು ತಟ್ಟೆಯನ್ನು ಹಿಂದಕ್ಕೆಳೆದು, ಹೆಗಲ ಮೇಲಿನ ಟವೆಲ್ಲನ್ನು ಅದರ ಮೇಲೆ ಹೊದಿಸಿದ.

"ನಂಗೂ," ಎಂದ.