ಹೂ ಮಾರುವ ಹುಡುಗಿಯೂ ಮೀನು ಮಾರುವವಳ ಮಗಳೂ

ನಾನು ಕಾರವಾರದ ಕಾಲೇಜೊಂದರಲ್ಲಿ ಇಂಗ್ಲಿಷ್ ನಾಟಕಗಳ ಪಾಠ ಮಾಡುತ್ತೇನೆ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಕಾಲೇಜಿನವರೂ ಹೇಳುತ್ತಾರೆ. ಇರಲಿ. ಕಳೆದ ವರ್ಷ ನಮ್ಮ ಸಭಾಂಗಣದಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅದನ್ನು ತಣ್ಣಗೆ ಬರೆಯುವ ಆಸೆ ನನಗಿಲ್ಲ.

ಬಿ.ಎ. ಕೊನೆಯ ವರ್ಷದಲ್ಲಿ ನನಗೊಬ್ಬ ವಿದ್ಯಾರ್ಥಿನಿ ಇದ್ದಳು, ಅಮದಳ್ಳಿ ಕಡೆಯವಳು. ತಂದೆ ದೋಣಿಗೆ ಹೋಗುತ್ತಾನೆ, ತಾಯಿ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಇಂಗ್ಲಿಷನ್ನು ಬಾಯಿಬಿಟ್ಟು ಮಾತಾಡಿದ್ದು ಕಾಲೇಜಿಗೆ ಬಂದ ಮೇಲೆಯೇ. ಹಾಗಾಗಿ ಅವಳ ಇಂಗ್ಲಿಷಿಗೂ ನಮ್ಮ ಕರಾವಳಿಯ ರಾಗವೇ ಇತ್ತು, ವಾಕ್ಯದ ಕೊನೆಯನ್ನು ಎಳೆಯುತ್ತಿದ್ದಳು. ಆದರೆ ಅವಳು ಕೇಳುವ ಪ್ರಶ್ನೆಗಳಿಗಾಗಿ ನಾನು ಮನೆಯಲ್ಲಿ ಕೂತು ಓದಿಕೊಂಡು ಬರಬೇಕಾಗುತ್ತಿತ್ತು. ಎಂ.ಎ. ಮಾಡಬೇಕೆಂಬ ಹುಚ್ಚು ಅವಳಿಗೆ.

ತಾಯಿಯದು ಮಾತ್ರ ಒಂದು ಷರತ್ತಿತ್ತು. ಆಕೆ ಸಣ್ಣವಳಿದ್ದಾಗ ಶಾಲೆಯಲ್ಲಿ ಪದ್ಯ ಹೇಳಲು ಎದ್ದರೆ ಅವಳ ಮಾತಿನ ಧಾಟಿಗೆ ತರಗತಿಯೆಲ್ಲ ನಗುತ್ತಿತ್ತಂತೆ, ಮಾಸ್ತರರೂ ಸೇರಿ. ಒಂದು ದಿನ ಮನೆಗೆ ಹೋದವಳು ಮತ್ತೆ ಶಾಲೆಯ ಮುಖ ನೋಡಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ನನ್ನ ಹತ್ತಿರ ನೇರವಾಗಿಯೇ ಹೇಳಿದ್ದಳು: "ಅಕ್ಕೋರೆ, ಓದೂಕೆ ನಾ ಬ್ಯಾಡ ಅನ್ನೂದಿಲ್ಲ. ಆದ್ರೆ ನನ್ನ ಮಗಳ ಮಾತಿಗೆ ಯಾರಾರೂ ನಗಾಡಿದ್ರೆ ಅವತ್ತಿಗೇ ಸಾಕು. ನನ್ನ ಸಂಗ್ತಿಗೆ ಪೇಟೆಗೆ ಬರ್ಲಿ. ಅಲ್ಲಿ ಯಾರೂ ನಗಾಡೂದಿಲ್ಲ."

ಆ ವರ್ಷ ನಮ್ಮಲ್ಲಿ ಅಂತರ ಕಾಲೇಜು ಸ್ಪರ್ಧೆ. ಹಳೆಯ ಇಂಗ್ಲಿಷ್ ನಾಟಕಗಳ ಪಾತ್ರಗಳನ್ನು ಹೋಲಿಸಿ ಇಂಗ್ಲಿಷಿನಲ್ಲಿ ಮಾತಾಡಬೇಕು. ಇಂಥ ಸ್ಪರ್ಧೆಗಳಲ್ಲಿ ಏನು ನಡೆಯುತ್ತದೆಂದು ನನಗೆ ಬಾಯಿಪಾಠ. ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ ಬೀದಿಗೆ ಬಿದ್ದ ಮುದಿ ದೊರೆಯನ್ನೂ, ಹೆಂಡತಿಯ ಮಾತು ಕೇಳಿ ಮನೆಗೆ ಬಂದ ಅತಿಥಿಯನ್ನೇ ಕೊಂದ ಸರದಾರನನ್ನೂ ಅಕ್ಕಪಕ್ಕ ನಿಲ್ಲಿಸಿ, ಇಬ್ಬರಿಗೂ ತಮ್ಮ ದೋಷವೇ ಮುಳುವಾಯಿತು ಎಂದು ಹೇಳಿ ಕೈಮುಗಿಯುವುದು. ಗೈಡುಗಳು ಅದನ್ನು ಸೊಗಸಾಗಿ ಬರೆದುಕೊಟ್ಟಿವೆ. ದೊರೆಗಳ ದುಃಖವೆಂದರೆ ನಮಗೆಲ್ಲ ಎಲ್ಲಿಲ್ಲದ ಮರುಕ.

ನಮ್ಮ ಹುಡುಗಿ ದೊರೆಗಳನ್ನು ಬಿಟ್ಟು ಇಬ್ಬರು ಹೆಂಗಸರನ್ನು ಆರಿಸಿಕೊಂಡಳು. ಒಂದು ನಾಟಕದಲ್ಲಿ, ಬಾಯಿಬಡುಕಿ ಎಂದು ಹೆಸರಾದ ಹುಡುಗಿಯನ್ನು ಒಬ್ಬ ಮದುವೆಯಾಗಿ, ಊಟ ನಿದ್ದೆ ಕೊಡದೆ ಪಳಗಿಸುತ್ತಾನೆ. ಕೊನೆಗೆ ಗಂಡ ಸೂರ್ಯನನ್ನು ಚಂದ್ರನೆಂದರೂ ಅವಳು ಹೌದೆನ್ನುತ್ತಾಳೆ. ಎಷ್ಟೋ ಕಾಲದ ನಂತರ ಬಂದ ಇನ್ನೊಂದು ನಾಟಕದಲ್ಲಿ, ಬೀದಿಯಲ್ಲಿ ಹೂ ಮಾರುವ ಹುಡುಗಿಗೆ ಒಬ್ಬ ಭಾಷಾ ಪಂಡಿತ ಪಂಥ ಕಟ್ಟಿ ದೊಡ್ಡವರ ಉಚ್ಚಾರ ಕಲಿಸುತ್ತಾನೆ. ಪಂಥ ಗೆದ್ದ ಮೇಲೆ ಆ ಹುಡುಗಿ ಎಲ್ಲಿಗೆ ಹೋಗಬೇಕೆಂಬ ಯೋಚನೆ ಅವನಿಗಿಲ್ಲ. ಮೊದಲನೆಯದನ್ನು ಹಾಸ್ಯವೆಂದೂ ಎರಡನೆಯದನ್ನು ಹುಡುಗಿಯ ಉದ್ಧಾರವೆಂದೂ ಪಾಠ ಮಾಡುವವರಿದ್ದಾರೆ.

ಅವಳ ವಾದ ಇಷ್ಟು. ಆ ಗಂಡ, ಈ ಪಂಡಿತ ಇಬ್ಬರೂ ಒಬ್ಬನೇ ಮನುಷ್ಯ. ಒಬ್ಬ ಹೆಣ್ಣಿನ ಮಾತನ್ನು ನಿಲ್ಲಿಸಿದ, ಇನ್ನೊಬ್ಬ ಬದಲಿಸಿದ. ಅವಳು ಏನು ಹೇಳುತ್ತಿದ್ದಾಳೆ ಎಂದು ಇಬ್ಬರೂ ಕೇಳಲಿಲ್ಲ. ಆದರೆ ಹೆಂಗಸರು ಮಾತ್ರ ಒಂದೇ ಅಲ್ಲ: ಒಬ್ಬಳು ಗಂಡನ ಪಾದದಡಿ ಕೈಯಿಡಲು ತಯಾರಾದಳು, ಹೂ ಮಾರುವವಳು ಕಲಿತ ಉಚ್ಚಾರದಲ್ಲೇ ಪಂಡಿತನ ಎದುರು ನಿಂತು ಜಗಳವಾಡಿದಳು. ಇದನ್ನು ಅವಳು ಸ್ಟಾಫ್ ರೂಮಿನಲ್ಲಿ ನನ್ನೆದುರು ಹೇಳಿ ಅಭ್ಯಾಸ ಮಾಡುವಾಗ ಸಹೋದ್ಯೋಗಿಯೊಬ್ಬರು, "ವಾದ ಹಾಗಿರಲಿ, ಮೊದಲು ಉಚ್ಚಾರ ತಿದ್ದಿ" ಎಂದರು. ನಾನು ಹುಡುಗಿಗೆ ಮುಂದುವರಿಸು ಎಂದೆ.

ಸ್ಪರ್ಧೆಯ ದಿನ ತಾಯಿಯೂ ಬಂದಿದ್ದಳು. ವ್ಯಾಪಾರ ಬೇಗ ಮುಗಿಸಿ, ಸೀರೆ ಬದಲಿಸಿ, ಕೊನೆಯ ಸಾಲಿನಲ್ಲಿ ಕೂತಿದ್ದಳು. ತೀರ್ಪುಗಾರರು ಹೊರಗಿನಿಂದ ಬಂದ ನಿವೃತ್ತ ಪ್ರಾಧ್ಯಾಪಕರು. ಮೊದಲಿಗೆ ಒಂದು ಭಾಷಣ ಮಾಡಿದರು. ಅದರಲ್ಲಿ ಅದೇ ಹೂ ಮಾರುವ ಹುಡುಗಿಯ ನಾಟಕವನ್ನು ಎತ್ತಿಕೊಂಡು, ಮನುಷ್ಯನನ್ನು ಅವನ ನುಡಿಯಿಂದ ಅಳೆಯುವುದು ಸಮಾಜದ ದೊಡ್ಡ ರೋಗ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ!

ನಮ್ಮ ಹುಡುಗಿಯೇ ಮೊದಲು ಮಾತಾಡಿದಳು. ತಡವರಿಸದೆ ಮುಗಿಸಿದಳು. ಆ ಮಹಾಶಯರು ಮೈಕ್ ಎಳೆದುಕೊಂಡು ಇಂಗ್ಲಿಷಿನಲ್ಲಿ, "ಹುಡುಗಿ ಚುರುಕಾಗಿದ್ದಾಳೆ. ಆದರೆ ಇವಳ ಇಂಗ್ಲಿಷಿಗೆ ಮೀನಿನ ವಾಸನೆ ಇದೆ. ಒಳ್ಳೆಯ ಮೇಷ್ಟರ ಕೈಗೆ ಕೆಲವು ತಿಂಗಳು ಕೊಟ್ಟರೆ ಹೋದೀತು" ಎಂದರು. ಸಭಾಂಗಣ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನಮ್ಮ ಪ್ರಾಂಶುಪಾಲರೂ ನಕ್ಕರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ತಾನು ಈಗಷ್ಟೇ ಹೊಗಳಿದ ನಾಟಕದ ಪಂಡಿತನ ಪಾರ್ಟನ್ನು ತಾನೇ ಹಾಕುತ್ತಿದ್ದೇನೆಂದು ಆ ಮನುಷ್ಯನಿಗೆ ಹೊಳೆಯಲಿಲ್ಲ.

ಹುಡುಗಿ ವೇದಿಕೆಯಿಂದ ಇಳಿಯಲಿಲ್ಲ. ನಮ್ಮ ಮೀನುಪೇಟೆಯಲ್ಲಿ ಒಂದು ನಡಾವಳಿ ಇದೆ. ಬೆಳಿಗ್ಗೆ ಬೋಣಿ ಆಗುವ ಮೊದಲು ಮೀನು ಮುಟ್ಟಿ, ಕಿವಿರು ಎತ್ತಿ ನೋಡಿದವನು ಒಂದು ದರವನ್ನಾದರೂ ಹೇಳಬೇಕು. ಏನೂ ಹೇಳದೆ ಎದ್ದು ಹೋದರೆ ಮೊದಲ ವ್ಯಾಪಾರ ಕೆಟ್ಟಿತೆಂದು ಲೆಕ್ಕ; ಹೆಂಗಸರು ಅವನನ್ನು ಹೋಗಗೊಡುವುದಿಲ್ಲ, ಹಿಂದಿನಿಂದ ಕೂಗಿ ನಿಲ್ಲಿಸುತ್ತಾರೆ. ತಾಯಿಯ ಪಕ್ಕ ಕೂತು ಬೆಳೆದ ಹುಡುಗಿ ಈಗ ಇಂಗ್ಲಿಷಿನಲ್ಲಿ ಅದನ್ನೇ ಮಾಡಿದಳು. "ಸರ್, ಆ ಇಬ್ಬರು ಗಂಡಸರೂ ಒಂದೇ ಎಂದೆ. ಹೌದೋ, ಅಲ್ಲವೋ?"

"ಕೂತ್ಕೊಳ್ಳಮ್ಮ, ಟೈಮಿಲ್ಲ" ಎಂದರು ತೀರ್ಪುಗಾರರು.

ಅವಳು ಅದನ್ನೇ ಮತ್ತೆ ಕೇಳಿದಳು. ಪ್ರಾಂಶುಪಾಲರು ಕೈಸನ್ನೆ ಮಾಡಿ ಮೈಕ್ ಬಂದ್ ಮಾಡಿಸಿದರು. ಮೈಕ್ ಇಲ್ಲದೆಯೂ ಕೇಳಿದಳು. ಎಳೆದು ಮೇಲೇರುವ ಅದೇ ಧಾಟಿಯಲ್ಲಿ, ಕೊನೆಯ ಸಾಲಿಗೂ ಕೇಳಿಸುವಂತೆ. ತೀರ್ಪುಗಾರರು ನೀರು ಕುಡಿದು ಮುಂದಿನ ಸ್ಪರ್ಧಿಯನ್ನು ಕರೆಯಿರಿ ಎಂದರು. ಬಹುಮಾನ ಮುದಿ ದೊರೆಯನ್ನು ಆರಿಸಿಕೊಂಡ ಹುಡುಗನಿಗೆ ಹೋಯಿತು. ಪಾಪ, ಅವನದೇನೂ ತಪ್ಪಿಲ್ಲ. ಗೈಡಿನದನ್ನು ನಯವಾಗಿ ಹೇಳಿದ.

ಕಾರ್ಯಕ್ರಮ ಮುಗಿದ ಮೇಲೆ ತಾಯಿ ಪೋರ್ಟಿಕೋದಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಇಂಗ್ಲಿಷ್ ಬರದಿದ್ದರೂ ನಗು ಅರ್ಥವಾಗಿತ್ತು. ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಪಕ್ಕದಲ್ಲಿ ನಿಂತಿದ್ದಳು.

"ಅಕ್ಕೋರೆ, ಅವ್ರು ನಗಾಡಿದ್ದು ಎಂತಕೆ?"

ಏನೋ ತಮಾಷೆ ಎಂದು ಸುಳ್ಳು ಹೇಳಬಹುದಿತ್ತು. ಆ ಸಿಟ್ಟಿನಲ್ಲಿ ನನಗೆ ಸುಳ್ಳು ಹೊಳೆಯಲಿಲ್ಲ. "ಇವಳ ಇಂಗ್ಲಿಷಿಗೆ ಮೀನಿನ ವಾಸನೆ ಅಂದ್ರು. ಅದ್ಕೆ."

ತಾಯಿಯ ಮುಖ ಬಿಗಿಯಿತು. ಮಗಳು ಅವಳ ಕೈ ಹಿಡಿದು, "ಹೋಗುವಾ ಆಯಿ. ನಾಳಿಂದ ನಾ ಪೇಟೆಗೆ ಬತ್ತೆ" ಎಂದಳು.

ತಾಯಿ ಕದಲಲಿಲ್ಲ. "ಮತ್ತೆ ಇವಳು ಅಷ್ಟೊತ್ತು ನಿತ್ಕಂಡು ಕೇಳ್ತಿದ್ಲಲ್ಲ, ಎಂತದದು?"

ನಾನು ಎರಡೂ ನಾಟಕದ ಕತೆ ಹೇಳಿದೆ, ಆ ಗಂಡನದು, ಆ ಪಂಡಿತನದು, ಮಗಳು ಕೇಳಿದ ಪ್ರಶ್ನೆ.

"ಅದ್ಕೆ ಅವ ಎಂತ ಹೇಳ್ದ?"

"ಎಂತದೂ ಹೇಳ್ಲಿಲ್ಲ."

ಅವಳು ಮಗಳ ಕಡೆ ತಿರುಗಿದಳು. "ನಂಗೆ ನಗಾಡ್ದಾಗ ನಾ ಅಳ್ತಾ ಮನೀಗೆ ಬಂದಿದ್ದೆ. ನೀ ನಿತ್ಕಂಡು ಕೇಳ್ದೆ" ಎಂದಳು. "ಪೇಟೆಗೆ ನೀ ಎಂತಕೆ ಬತ್ತೆ? ಉತ್ರ ಕೊಡೂರು ಒಬ್ರಾರೂ ಸಿಗೂವರಿಗೆ ಓದು."